43ರ ವಯಸ್ಸಿನಲ್ಲಿ ಲಾರಿ ಸ್ಟಿಯರಿಂಗ್ ಹಿಡಿಯಬಹುದೇ?

ಪ್ರಶ್ನೆ: ನನಗೆ 43 ವರ್ಷ. ಬೇಲೂರು ತಾಲ್ಲೂಕಿನ ಹಳ್ಳಿಯವಳು. ಯಜಮಾನರು ತೀರಿಕೊಂಡು ಕೆಲವು ವರ್ಷಗಳಾದವು. ಹಾಸನದ ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದೆ, ಬೆನ್ನುನೋವಿನಿಂದ ಬಿಟ್ಟೆ. ಮಗಳು ಬಿ.ಕಾಂ. ಓದುತ್ತಿದ್ದಾಳೆ, ಅತ್ತೆ ಮನೆಯಲ್ಲಿದ್ದಾರೆ. ಭಾವನ ಪಿಕಪ್‌ನಲ್ಲಿ ಶುಂಠಿ, ಮೆಣಸಿನಕಾಯಿ ಹಾಕಿಕೊಂಡು ಹಾಸನದ ಮಾರುಕಟ್ಟೆಗೆ ನಾನೇ ಓಡಿಸಿಕೊಂಡು ಹೋಗುತ್ತೇನೆ. ಕಾರಿನ ಲೈಸೆನ್ಸ್ ಇದೆ. ದೂರದ ಊರುಗಳಿಗೆ ಲಾರಿ ಓಡಿಸಬೇಕೆಂಬ ಆಸೆ ಬಹಳ ದಿನದ್ದು. ಅಣ್ಣ ಮಾತ್ರ ‘ಈ ವಯಸ್ಸಿನಲ್ಲಿ ಹೆಂಗಸು ಲಾರಿ ಹತ್ತುತ್ತಾಳೆಯೇ’ ಎನ್ನುತ್ತಾನೆ. ವಯಸ್ಸು ಮೀರಿತೇ? ಲೈಸೆನ್ಸ್ ಹೇಗೆ? ರಾತ್ರಿ, ಶೌಚಾಲಯ, ಸುರಕ್ಷತೆ ಎಲ್ಲ ಹೇಗೆ? ಒಡವೆ ಮಾರಿ ಹಳೆಯ ಲಾರಿಯೊಂದನ್ನು ತೆಗೆದುಕೊಂಡುಬಿಡಲೇ? ನನಗೇನಾದರೂ ಆದರೆ ಯಾರಿಗೆ ಫೋನ್ ಮಾಡಲಿ ಎಂದು ಮಗಳು ಕೇಳುತ್ತಾಳೆ.

ಉತ್ತರ:

ತಂಗಿ, ವಯಸ್ಸಿನ ಬಗ್ಗೆ ಅಷ್ಟು ಚಿಂತಿಸಿದ ನೀವು ಪಿಕಪ್ ಬಗ್ಗೆ ಒಂದೇ ಸಾಲು ಬರೆದು ಮುಂದೆ ಹೋಗಿದ್ದೀರಿ. ನನ್ನ ಕಣ್ಣು ನಿಂತದ್ದು ಆ ಸಾಲಿನ ಮೇಲೆ. ಮಳೆಗಾಲದಲ್ಲಿ ಬೇಲೂರು–ಹಾಸನ ರಸ್ತೆಯಲ್ಲಿ ಶುಂಠಿ ಮೂಟೆ ತುಂಬಿದ ಗಾಡಿ ಓಡಿಸಿ, ಎಪಿಎಂಸಿಯ ನೂಕುನುಗ್ಗಲಿನಲ್ಲಿ ಅದನ್ನು ಹಿಂದಕ್ಕೆ ತೆಗೆದು ಮಂಡಿಯ ಮುಂದೆ ನಿಲ್ಲಿಸುವವರನ್ನು ಹೊಸಬರು ಎಂದು ನಾನು ಕರೆಯುವುದಿಲ್ಲ. ನೀವು ಈಗಾಗಲೇ ಸರಕು ಸಾಗಿಸುವ ಚಾಲಕಿ. ಇನ್ನು ಗಾಡಿ ದೊಡ್ಡದಾಗಬೇಕು, ದಾರಿ ಉದ್ದವಾಗಬೇಕು, ಅಷ್ಟೇ.

ಆದ್ದರಿಂದ ನನ್ನ ಉತ್ತರ: ಖಂಡಿತ ಆಗುತ್ತದೆ. ಆದರೆ ಮೊದಲ ಎರಡು ವರ್ಷ ಮುಂಬೈ, ದೆಹಲಿಯ ಮಾತು ಬೇಡ. ಒಡವೆ ಮಾರಿ ಲಾರಿ ಕೊಳ್ಳುವ ಮಾತಂತೂ ಬೇಡವೇ ಬೇಡ. ಭಾರಿ ವಾಹನ ಓಡಿಸುವುದನ್ನು ಕಲಿಸುವುದೇ ನನ್ನ ಕೆಲಸ. ಈ ಕಸುಬಿನಿಂದ ಅರ್ಧದಲ್ಲೇ ಹೊರಬಿದ್ದವರನ್ನು ನಾನು ನೋಡಿದ್ದೇನೆ. ಅವರಲ್ಲಿ ಸ್ಟಿಯರಿಂಗ್ ತಿರುಗಿಸಲಾರದೆ ಬಿಟ್ಟವರು ಇಲ್ಲ. ಅವಸರದಲ್ಲಿ ತಪ್ಪು ಗಾಡಿಯನ್ನೋ ತಪ್ಪು ಮಾಲೀಕನನ್ನೋ ಆಯ್ದುಕೊಂಡು ಬೇಸತ್ತು ಬಿಟ್ಟವರೇ ಹೆಚ್ಚು.

ವಯಸ್ಸಿನ ಪ್ರಶ್ನೆಯನ್ನು ಮೊದಲು ಮುಗಿಸಿಬಿಡೋಣ. ಸಾರಿಗೆ ವಾಹನದ ಲೈಸೆನ್ಸ್‌ಗೆ ಕಾನೂನು ಹೇಳುವುದು ಕನಿಷ್ಠ 20 ವರ್ಷ ಎಂದು ಮಾತ್ರ. ಇಷ್ಟು ವಯಸ್ಸಾದ ಮೇಲೆ ಕೊಡಬಾರದು ಎಂಬ ಗೆರೆ ಎಲ್ಲಿಯೂ ಇಲ್ಲ. ವೈದ್ಯರ ಪ್ರಮಾಣಪತ್ರವೊಂದು ಬೇಕು. ಭೋಪಾಲದ ಯೋಗಿತಾ ರಘುವಂಶಿ ಕಾನೂನು ಓದಿದವರು. ಪತಿ ತೀರಿಕೊಂಡ ಮೇಲೆ ಮಕ್ಕಳನ್ನು ಸಾಕಲು ಲಾರಿ ಹತ್ತಿದರು, ದೇಶದ ಉದ್ದಗಲಕ್ಕೂ ಸರಕು ಸಾಗಿಸಿದರು. ಕೇರಳದ ಕೋಟ್ಟಯಂ ಕಡೆಯ ಜಲಜಾ ರತೀಶ್ ಮನೆಯದೇ ಲಾರಿಯಲ್ಲಿ ಪತಿಯೊಂದಿಗೆ ಸರದಿಯ ಮೇಲೆ ಓಡಿಸುತ್ತಾ ಕಾಶ್ಮೀರದವರೆಗೆ ಹೋಗಿ ಬಂದರು. ನಿಮ್ಮ ಅಣ್ಣನಿಗೆ ಹೆಸರು ಬೇಕಿದ್ದರೆ ಇವರ ಹೆಸರು ಹೇಳಿ. ನಾನು ಕಂಡಂತೆ ನಲವತ್ತು ದಾಟಿದವರು ಗಾಡಿಯನ್ನು ಹಿಂದಕ್ಕೆ ತೆಗೆಯುವುದನ್ನು ಕಲಿಯಲು ಇಪ್ಪತ್ತರ ಹುಡುಗರಿಗಿಂತ ಹೆಚ್ಚು ದಿನ ತೆಗೆದುಕೊಳ್ಳುತ್ತಾರೆ. ಆದರೆ ಮುಂದಿನ ಗಾಡಿಯೊಂದಿಗೆ ಪಂದ್ಯಕ್ಕೆ ಬೀಳುವುದಿಲ್ಲ, ನಿದ್ದೆ ಬಂದರೆ ಬಂದಿದೆ ಎಂದು ಒಪ್ಪಿಕೊಳ್ಳುತ್ತಾರೆ. ಲಾರಿಯಲ್ಲಿ ಜೀವ ಉಳಿಸುವ ಗುಣಗಳು ಇವೇ.

ಈಗ ಲೈಸೆನ್ಸ್. ಬಹಳ ಜನರಿಗೆ ತಿಳಿಯದ ಸಂಗತಿಯೊಂದಿದೆ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಒಂದು ತೀರ್ಪು ಕೊಟ್ಟಿತು. ಲಘು ಮೋಟಾರು ವಾಹನದ, ಅಂದರೆ ನಿಮ್ಮಲ್ಲಿರುವಂಥ ಕಾರಿನ ಲೈಸೆನ್ಸ್ ಇರುವವರು ಗಾಡಿ, ಸರಕು ಸೇರಿ ಒಟ್ಟು ತೂಕ 7,500 ಕೆ.ಜಿ. ಮೀರದ ಸರಕು ವಾಹನವನ್ನು ಬೇರೆ ಅನುಮತಿ ಬರೆಸಿಕೊಳ್ಳದೆ ಓಡಿಸಬಹುದು ಎಂಬುದು ಅದರ ಸಾರ. ಅಂದರೆ ಪಿಕಪ್ ಮಾತ್ರವಲ್ಲ, ಟಾಟಾ 407ರಂಥ ಸಣ್ಣ ಲಾರಿಯನ್ನೂ ನೀವು ಇವತ್ತೇ ಬಾಡಿಗೆಗೆ ಓಡಿಸಬಹುದು. ಗಾಡಿ ಹತ್ತುವ ಮೊದಲು ಆರ್‌ಸಿಯಲ್ಲಿ (ನೋಂದಣಿ ಪತ್ರದಲ್ಲಿ) ಒಟ್ಟು ತೂಕ ಎಷ್ಟೆಂದು ಬರೆದಿದೆ ಎಂಬುದನ್ನು ನಿಮ್ಮ ಕಣ್ಣಾರೆ ನೋಡಿ. ಮಾಲೀಕರ ಬಾಯಿಮಾತನ್ನು ನಂಬಬೇಡಿ. ಅಪಘಾತವಾದ ದಿನ ವಿಮೆಯವರು ಮೊದಲು ತೆರೆಯುವುದು ಆ ಪುಟವನ್ನೇ.

ಹೆವಿ ಲೈಸೆನ್ಸ್‌ಗೆ, ಲಘು ವಾಹನದ ಲೈಸೆನ್ಸ್ ಪಡೆದು ಒಂದು ವರ್ಷವಾದರೂ ಆಗಿರಬೇಕು. ನಿಮ್ಮದು ಆಗಿದೆ. ಎಂಟನೇ ತರಗತಿ ಪಾಸಾಗಿರಬೇಕೆಂಬ ನಿಯಮವನ್ನು 2019ರಲ್ಲಿ ತೆಗೆದುಹಾಕಿದ್ದಾರೆ, ಹಾಗಾಗಿ ಓದಿನ ಚಿಂತೆಯೂ ಬೇಡ. ಸರ್ಕಾರದ ಸಾರಥಿ ಜಾಲತಾಣದಲ್ಲಿ ಅರ್ಜಿ ಹಾಕಿ, ವೈದ್ಯರಿಂದ 1ಎ ನಮೂನೆ ತುಂಬಿಸಿಕೊಂಡು, ಮಾನ್ಯತೆ ಇರುವ ಡ್ರೈವಿಂಗ್ ಶಾಲೆಯಲ್ಲಿ ಸೇರಿ ಎಲ್‌ಎಲ್‌ಆರ್ (ಕಲಿಕಾ ಲೈಸೆನ್ಸ್) ಪಡೆಯಿರಿ. ಅದು ಆರು ತಿಂಗಳು ನಡೆಯುತ್ತದೆ. 30 ದಿನ ಕಳೆದ ಮೇಲೆ ಪರೀಕ್ಷೆಗೆ ಹೋಗಬಹುದು. ಸಿಕ್ಕ ಲೈಸೆನ್ಸ್ ಐದು ವರ್ಷಕ್ಕೊಮ್ಮೆ ನವೀಕರಣವಾಗಬೇಕು. ಹಾಸನದಲ್ಲಿ ಕೆಎಸ್‌ಆರ್‌ಟಿಸಿಯ ಚಾಲಕ ತರಬೇತಿ ಕೇಂದ್ರವಿದೆ. ಹೊರಗಿನವರಿಗೆ ಭಾರಿ ವಾಹನದ ತರಬೇತಿ ಯಾವಾಗ ಕೊಡುತ್ತಾರೆಂದು ಒಮ್ಮೆ ಹೋಗಿ ವಿಚಾರಿಸಿ ಬನ್ನಿ. ಕೇಂದ್ರ ಸರ್ಕಾರದ ಹೊಸ ನಿಯಮದಂತೆ ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರಗಳಲ್ಲಿ ಭಾರಿ ವಾಹನಕ್ಕೆ ಆರು ವಾರ, ಒಟ್ಟು 38 ಗಂಟೆಗಳ ಪಾಠವಿದೆ. ಅಂಥ ಕಡೆ ಸೀಟು ಸಿಕ್ಕರೆ ನಾಲ್ಕು ಕಾಸು ಹೆಚ್ಚಾದರೂ ಸೇರಿಕೊಳ್ಳಿ.

‘ನೀವು ಬರಬೇಡಿ, ನಾವೇ ಮಾಡಿಸಿಕೊಡುತ್ತೇವೆ’ ಎನ್ನುವ ಏಜೆಂಟರು ಆರ್‌ಟಿಒ ಕಚೇರಿಯ ಮುಂದೆ ಎದುರಾಗುತ್ತಾರೆ. ಅವರ ಕಡೆ ತಿರುಗಿಯೂ ನೋಡಬೇಡಿ. ಕಾಗದದ ಮೇಲೆ ಮಾತ್ರ ಚಾಲಕರಾದವರನ್ನು ಘಾಟಿ ಕ್ಷಮಿಸುವುದಿಲ್ಲ.

ಘಾಟಿಯ ಮಾತು ಬಂತು, ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಹಾಸನ ಜಿಲ್ಲೆಯವರಿಗೆ ಒಂದು ಭಾಗ್ಯವಿದೆ. ಬೇರೆ ಕಡೆಯವರು ವರ್ಷಗಟ್ಟಲೆ ಓಡಿಸಿದ ಮೇಲೆ ಕಾಣುವ ಇಳಿಜಾರು ನಮಗೆ ಸಕಲೇಶಪುರದ ಆಚೆಗೇ ಇದೆ. ಹೆವಿ ಲೈಸೆನ್ಸ್ ಕೈಗೆ ಬಂದ ಮೇಲೆ ನಿಮ್ಮ ನಿಜವಾದ ಶಾಲೆ ಶಿರಾಡಿ ಘಾಟಿ. ಹಳಬರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಗಲಿನಲ್ಲಿ, ಮೊದಲು ಖಾಲಿ ಗಾಡಿಯಲ್ಲಿ, ಆಮೇಲೆ ಅರ್ಧ ಲೋಡಿನಲ್ಲಿ, ಕೊನೆಗೆ ಪೂರ್ತಿ ಲೋಡಿನಲ್ಲಿ ಇಳಿದು ಹತ್ತಬೇಕು.

ಇಳಿಯುವ ಮೊದಲು ಮಾರನಹಳ್ಳಿಯ ಆಸುಪಾಸಿನಲ್ಲಿ ಗಾಡಿಯನ್ನು ಬದಿಗೆ ಹಾಕಿ ಕೆಳಗಿಳಿಯಿರಿ. ಕಬ್ಬಿಣದ ರಾಡಿನಿಂದ ಒಂದೊಂದು ಟೈರನ್ನೂ ತಟ್ಟಿ. ಗಾಳಿ ಸರಿಯಿರುವ ಟೈರಿಗೆ ರಾಡು ಪುಟಿಯುತ್ತದೆ. ಗಾಳಿ ಇಳಿದದ್ದು ಮಂಕಾಗಿ ಸದ್ದು ಮಾಡುತ್ತದೆ. ಹಿಂದಿನ ಜೋಡಿ ಚಕ್ರಗಳಲ್ಲಿ ಒಳಗಿನ ಟೈರು ಕಣ್ಣಿಗೆ ಬೀಳುವುದಿಲ್ಲ, ಆದ್ದರಿಂದ ಅದನ್ನು ತಟ್ಟದೆ ಬಿಡಬಾರದು. ಟಾರ್ಪಾಲಿನ ಹಗ್ಗ ಎಲ್ಲಾದರೂ ಸಡಿಲವಾಗಿದೆಯೇ ನೋಡಿ. ಮತ್ತೆ ಕ್ಯಾಬಿನ್ ಹತ್ತಿ ಗಾಳಿಯ ಒತ್ತಡ ತೋರಿಸುವ ಮುಳ್ಳನ್ನು ನೋಡಿ. ಲಾರಿಯ ಬ್ರೇಕು ಗಾಳಿಯಿಂದ ಕೆಲಸ ಮಾಡುತ್ತದೆ. ಪೆಡಲನ್ನು ಮತ್ತೆ ಮತ್ತೆ ಒತ್ತಿದಷ್ಟೂ ಗಾಳಿ ಖರ್ಚಾಗುತ್ತದೆ, ಚಕ್ರದ ಡ್ರಮ್ಮಿಗೆ ಉಜ್ಜಿ ಹಿಡಿಯುವ ಲೈನರ್ ಕಾಯುತ್ತದೆ. ಕಾದ ಲೈನರ್ ಹಿಡಿಯುವುದಿಲ್ಲ. ಘಾಟಿಯಲ್ಲಿ ‘ಬ್ರೇಕ್ ಫೇಲ್’ ಎಂದು ಸುದ್ದಿಯಾಗುವ ಎಷ್ಟೋ ಅಪಘಾತಗಳ ಹಿಂದೆ ಇರುವುದು ಇದೇ: ಬ್ರೇಕು ಕೆಟ್ಟಿರುವುದಿಲ್ಲ, ಮೇಲಿನಿಂದ ಒತ್ತಿಕೊಂಡೇ ಬಂದು ಸುಟ್ಟಿರುತ್ತದೆ.

ಹಾಗಾಗಿ ಹತ್ತುವ ಗೇರಿನಲ್ಲೇ ಇಳಿಯಬೇಕು ಎಂಬ ಹಳಬರ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಇಳಿಜಾರು ಶುರುವಾಗುವ ಮೊದಲೇ ಗೇರು ಇಳಿಸಿ, ಎಕ್ಸಾಸ್ಟ್ ಬ್ರೇಕ್ (ಹೊಗೆಯ ದಾರಿ ತಡೆದು ಎಂಜಿನ್ ವೇಗ ತಗ್ಗಿಸುವ ಬ್ರೇಕು) ಹಾಕಿ, ಎಂಜಿನ್ನೇ ಗಾಡಿಯನ್ನು ಹಿಡಿದಿಟ್ಟುಕೊಳ್ಳಲಿ. ಕಾಲಿನ ಬ್ರೇಕು ತಿರುವಿಗೆ ಮಾತ್ರ. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಬಿಡುವವರ ಪಕ್ಕದಲ್ಲಿ ಕುಳಿತು ಕಲಿಯಲು ಹೋಗಬೇಡಿ. ಅಂಥವರು ಎಷ್ಟೇ ಹಳಬರಾಗಿರಲಿ, ಅವರಿಂದ ಕಲಿಯುವುದು ಏನೂ ಇಲ್ಲ. ಸುಟ್ಟ ವಾಸನೆ ಮೂಗಿಗೆ ಬಡಿದರೆ ಹಿಂದಿನವರು ಎಷ್ಟೇ ಹಾರ್ನ್ ಹೊಡೆಯಲಿ, ಅಗಲ ಇರುವಲ್ಲಿ ನಿಲ್ಲಿಸಿ ಆರಲು ಬಿಡಿ. ಕಾದ ಚಕ್ರಕ್ಕೆ ನೀರು ಎರಚಬಾರದು. ಘಾಟಿಯ ಕಾಂಕ್ರೀಟ್ ರಸ್ತೆ ಬೇಸಿಗೆಯಲ್ಲಿ ಸಲೀಸು. ಮಳೆ ಬಂದು ಅದರ ಮೇಲೆ ಕೆಸರು ಹರಿದರೆ ಖಾಲಿ ಲಾರಿಯೂ ಜಾರುತ್ತದೆ.

ಮಳೆಗಾಲದ ಶಿರಾಡಿಯನ್ನು ಮೊದಲ ವರ್ಷವೇ ಮಾಡಲೇಬೇಕೆಂಬ ಹಟ ಬೇಡ. 2024ರ ಜುಲೈನಲ್ಲಿ ದೊಡ್ಡತಪ್ಪಲಿನಲ್ಲಿ ಗುಡ್ಡ ಕುಸಿದು ವಾಹನಗಳು ಸಿಕ್ಕಿಕೊಂಡದ್ದು ನಿಮಗೂ ನೆನಪಿರಬಹುದು. ಚಾರ್ಮಾಡಿಯಲ್ಲಿ 2019ರ ಕುಸಿತದ ನಂತರ ಭಾರಿ ವಾಹನಗಳಿಗೆ ನಿರ್ಬಂಧ ಹಾಕಿದರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಡುವ ಮುನ್ನ ಜಿಲ್ಲಾಡಳಿತದ ಆದೇಶ ಏನಿದೆ ಎಂದು ನೋಡಿಕೊಳ್ಳುವುದು ಡೀಸೆಲ್ ನೋಡಿಕೊಂಡಷ್ಟೇ ಸಹಜವಾಗಬೇಕು.

ನಾನು ಹೇಳುವ ಎರಡು ವರ್ಷದ ಲೆಕ್ಕ ಹೀಗಿದೆ. ಲೈಸೆನ್ಸ್ ಕೈಗೆ ಬರುವವರೆಗೆ 407ರಂಥ ಗಾಡಿಯಲ್ಲಿ ಹಾಸನದಿಂದ ಬೆಂಗಳೂರು, ಮೈಸೂರು, ಮಂಗಳೂರಿಗೆ ಹೋಗಿ ಬನ್ನಿ; ಬಹುಪಾಲು ಹಗಲಿನ ದಾರಿ. ಆಮೇಲೆ ಆರು ಚಕ್ರದ ಲಾರಿ. ಅದರ ಒಟ್ಟು ತೂಕ 18.5 ಟನ್ನಿನವರೆಗೆ ಇರುತ್ತದೆ. ಅದನ್ನು ಒಂದು ವರ್ಷವಾದರೂ ಓಡಿಸಿದ ಮೇಲೆ 28.5 ಟನ್ನಿನ ಹತ್ತು ಚಕ್ರದ್ದಕ್ಕೆ ಬನ್ನಿ. ನಮ್ಮ ಭಾಗದಲ್ಲಿ ಸರಕಿಗೆ ಬರವಿಲ್ಲ. ಹಾಸನ, ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಿಂದ ಪಣಂಬೂರಿನ ಬಂದರಿಗೆ ಕಾಫಿ ಹೋಗುತ್ತದೆ, ಅರಸೀಕೆರೆ ಕಡೆಯಿಂದ ತೆಂಗು, ಕೊಬ್ಬರಿ, ಕಡೂರು, ತರೀಕೆರೆಯಿಂದ ಅಡಿಕೆ. ಬಿತ್ತನೆ ಆಲೂಗಡ್ಡೆಯ ಕಾಲ ಬಂದರೆ ಪಂಜಾಬಿನ ಜಲಂಧರ್ ಕಡೆಯಿಂದ ಸುಮಾರು 2,500 ಕಿ.ಮೀ. ದಾಟಿ ಬಂದ ಲಾರಿಗಳು ನಮ್ಮ ಎಪಿಎಂಸಿಯಲ್ಲೇ ಸಾಲುಗಟ್ಟಿ ನಿಲ್ಲುತ್ತವೆ. ಶುಂಠಿ ಇಳಿಸಲು ಹೋದಾಗ ಆ ಚಾಲಕರನ್ನು ಮಾತನಾಡಿಸಿ. ಎಲ್ಲಿ ಮಲಗಿದಿರಿ, ಎಲ್ಲಿ ಸ್ನಾನ ಮಾಡಿದಿರಿ, ಕೈಗೆ ಎಷ್ಟು ಉಳಿಯಿತು ಎಂದು ಕೇಳಿ. ನಾನು ಇಲ್ಲಿ ಬರೆಯುವುದಕ್ಕಿಂತ ಹೆಚ್ಚಿನ ವಿಷಯ ಒಂದು ಲೋಟ ಚಹಾದ ಹೊತ್ತಿನಲ್ಲಿ ತಿಳಿಯುತ್ತದೆ.

ಇನ್ನು ಮಾಲೀಕರ ಆಯ್ಕೆ. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ವಿಷಯ ಇದೇ. ಹೊಸದಾಗಿ ಸೇರುವವರು ಸಂಬಳ ಎಷ್ಟು ಎಂದು ಕೇಳುತ್ತಾರೆ, ಅಲ್ಲಿಗೆ ನಿಲ್ಲಿಸುತ್ತಾರೆ. ನೀವು ಮುಂದಕ್ಕೂ ಕೇಳಬೇಕು. ಸಂಬಳ ಬೇರೆ, ಬಾಟಾ (ದಾರಿಯ ದಿನಭತ್ಯೆ) ಬೇರೆಯೋ ಅಥವಾ ಟ್ರಿಪ್‌ಗೆ ಇಷ್ಟು ಎಂದು ಒಟ್ಟಾಗಿಯೋ? ಮಾಲು ಇಳಿಸಲು ಎರಡು ದಿನ ಗೋದಾಮಿನ ಮುಂದೆ ನಿಂತರೆ ಆ ದಿನಗಳ ಬಾಟಾ ಯಾರು ಕೊಡುತ್ತಾರೆ? ಡೀಸೆಲ್ ಕಡಿಮೆ ಬಂದರೆ ಚಾಲಕರ ಕೈಯಿಂದ ಹಿಡಿಯುತ್ತಾರೆಯೇ? ಲೋಡಾದ ಹತ್ತು ಚಕ್ರದ ಲಾರಿ ಲೀಟರಿಗೆ ನಾಲ್ಕು ಕಿ.ಮೀ. ಆಸುಪಾಸು ಕೊಡುತ್ತದೆ, ಘಾಟಿಯಲ್ಲಿ ಇನ್ನೂ ಕಡಿಮೆ. ಬಯಲುಸೀಮೆಯ ಮೈಲೇಜನ್ನು ಘಾಟಿಯ ದಾರಿಗೂ ಕೇಳುವವರೊಂದಿಗೆ ಪ್ರತಿ ಟ್ರಿಪ್‌ಗೂ ಜಗಳವಾಗುತ್ತದೆ. ಗಾಡಿಯ ಎಫ್‌ಸಿ (ಫಿಟ್‌ನೆಸ್ ಪ್ರಮಾಣಪತ್ರ), ವಿಮೆ, ಪರ್ಮಿಟ್ ಚಾಲ್ತಿಯಲ್ಲಿವೆಯೇ ಎಂದು ಮೊಬೈಲಿನಲ್ಲೇ ನೋಡಬಹುದು. ಎರಡನೇ ಚಾಲಕರು ಇರುತ್ತಾರೆಯೇ? ಇದ್ದರೆ ಯಾರು? ಅವರನ್ನು ಮೊದಲೇ ನೋಡಿ ಮಾತನಾಡದೆ ಒಂದೇ ಕ್ಯಾಬಿನ್ನಿನಲ್ಲಿ ಹೊರಡಬೇಡಿ.

ಓವರ್‌ಲೋಡ್ ಹಾಕುತ್ತಾರೆಯೇ ಎಂಬುದನ್ನು ಮಾಲೀಕರನ್ನು ಕೇಳಿದರೆ ‘ಇಲ್ಲ’ ಎಂದೇ ಹೇಳುತ್ತಾರೆ, ಅವರ ಬಳಿ ಕೆಲಸ ಬಿಟ್ಟ ಚಾಲಕರನ್ನು ಕೇಳಿ. ಮೋಟಾರು ವಾಹನ ಕಾಯ್ದೆಯ ಪ್ರಕಾರ ಹೆಚ್ಚು ಭಾರಕ್ಕೆ ದಂಡ 20,000 ರೂಪಾಯಿ, ಮೇಲಿನ ಪ್ರತಿ ಟನ್ನಿಗೆ ಇನ್ನೂ 2,000. ದಂಡ ಮಾಲೀಕರೇ ಕಟ್ಟಲಿ, ಇಳಿಜಾರಿನಲ್ಲಿ ಆ ಭಾರವನ್ನು ಹಿಡಿದು ನಿಲ್ಲಿಸಬೇಕಾದವರು ನೀವು.

ಕೆಲಸದ ಗಂಟೆಗಳ ವಿಷಯದಲ್ಲಿ ಒಂದು ಸುಳ್ಳು ಈ ವ್ಯವಹಾರದಲ್ಲಿ ಧಾರಾಳವಾಗಿ ಓಡಾಡುತ್ತದೆ: ‘ಇ–ವೇ ಬಿಲ್ ಮುಗಿದುಹೋಗುತ್ತದೆ, ನಿಲ್ಲಿಸಬೇಡಿ’. ಇ–ವೇ ಬಿಲ್ ಎಂದರೆ ಸರಕಿನ ಜೊತೆ ಇರಬೇಕಾದ ಜಿಎಸ್‌ಟಿ ದಾಖಲೆ. ಅದಕ್ಕೆ ಪ್ರತಿ 200 ಕಿ.ಮೀ.ಗೆ ಒಂದು ದಿನದ ಅವಧಿ ಇರುತ್ತದೆ. ಹಾಸನದಿಂದ ಮುಂಬೈಗೆ ಸುಮಾರು 950 ಕಿ.ಮೀ. ಎಂದರೆ ಐದು ದಿನ. ನಿದ್ದೆಗೆಡಿಸಿ ಓಡಿಸಲು ಸರ್ಕಾರ ಹೇಳಿಲ್ಲ. ಬೇಗ ಮುಟ್ಟಿಸಿದರೆ ಮುಂದಿನ ಲೋಡು ಹಿಡಿಯಬಹುದೆಂಬ ಲೆಕ್ಕ ಬೇರೆಯವರದು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ದಿನಕ್ಕೆ 8 ಗಂಟೆ, ದೂರದ ದಾರಿಯಾದರೂ 10 ಗಂಟೆಗೆ ಮೀರಬಾರದು, ಐದು ಗಂಟೆ ಓಡಿಸಿದ ಮೇಲೆ ಅರ್ಧ ಗಂಟೆ ಬಿಡುವು ಎಂದು ಮಿತಿ ಹಾಕಿತ್ತು. ರಸ್ತೆಯಲ್ಲಿ ಇದನ್ನು ಪಾಲಿಸುವವರು ಕಡಿಮೆ. ನೀವು ಪಾಲಿಸಿ. ರಾತ್ರಿ ಎರಡರಿಂದ ಬೆಳಗಿನ ಐದರವರೆಗೆ ದೇಹ ತಾನಾಗಿ ನಿದ್ದೆಗೆ ಜಾರುವ ಹೊತ್ತು. ಚಹಾ, ಎಲೆಅಡಿಕೆ, ಜೋರು ಹಾಡು ಯಾವುದೂ ಅದನ್ನು ತಡೆಯುವುದಿಲ್ಲ. ಆ ಮೂರು ಗಂಟೆ ಗಾಡಿ ನಿಂತಿರಲಿ. ಇದನ್ನು ಮೊದಲ ದಿನವೇ ಮಾಲೀಕರಿಗೆ ಹೇಳಿ. ಒಪ್ಪದಿದ್ದರೆ ಬೇರೆ ಕಡೆ ನೋಡಿ. ಚಾಲಕರು ಸಿಗದೆ ಲಾರಿಗಳು ನಿಂತಿರುವ ಕಾಲ ಇದು, ನಿಮ್ಮ ಮಾತಿಗೆ ಬೆಲೆ ಇದೆ.

ಈಗ ನೀವು ಸಂಕೋಚಪಟ್ಟು ಕೇಳಿದ ಪ್ರಶ್ನೆ. ಶೌಚಾಲಯ. ಇದರಲ್ಲಿ ಸಂಕೋಚಕ್ಕೆ ಏನೂ ಇಲ್ಲ. ದಾರಿಯಲ್ಲಿ ಹೋಗುವ ಹೆಣ್ಣುಮಕ್ಕಳು ನೀರು ಕುಡಿಯುವುದನ್ನೇ ಬಿಟ್ಟುಬಿಡುತ್ತಾರೆ. ಬಿಸಿಯ ಕ್ಯಾಬಿನ್ನಿನಲ್ಲಿ ದಿನವಿಡೀ ನೀರಿಲ್ಲದೆ ಕುಳಿತರೆ ಮೂತ್ರದ ಸೋಂಕು, ತಲೆನೋವು, ಮಂಪರು ಬರುತ್ತವೆ. ಮಂಪರು ಬಂದರೆ ಅಪಘಾತವೂ ದೂರವಿಲ್ಲ. ನೀರು ಬಿಡಬೇಡಿ, ನಿಲ್ಲುವ ಜಾಗಗಳನ್ನು ಗೊತ್ತುಮಾಡಿಕೊಳ್ಳಿ. ಹಾಸನ–ಬೆಂಗಳೂರು ದಾರಿಯಲ್ಲಿ ಟೋಲ್ ಪ್ಲಾಜಾಗಳ ಶೌಚಾಲಯಗಳಿವೆ, ದೊಡ್ಡ ಪೆಟ್ರೋಲ್ ಬಂಕ್‌ಗಳಿವೆ. ಸಕಲೇಶಪುರ ಬಿಟ್ಟರೆ ಗುಂಡ್ಯ, ನೆಲ್ಯಾಡಿ ಬರುವವರೆಗೆ ನೆಚ್ಚಿಕೊಳ್ಳುವಂಥದ್ದು ಇಲ್ಲ, ಹಾಗಾಗಿ ಸಕಲೇಶಪುರದಲ್ಲೇ ನಿಲ್ಲಿಸಿ ಹೋಗಿ. ಯಾವ ಬಂಕ್‌ನಲ್ಲಿ ಒಳಗಿನಿಂದ ಚಿಲಕವಿದೆ, ಎಲ್ಲಿ ಬೆಳಕಿದೆ, ಎಲ್ಲಿ ನೀರಿದೆ ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ಹೊಸ ದಾರಿಗೆ ಹೋದಾಗಲೆಲ್ಲ ಬರೆಯುತ್ತಾ ಹೋಗಿ. ಡೀಸೆಲ್ ಹಾಕಿಸುವ ಬಂಕ್ ಯಾವುದೆಂಬುದನ್ನು ಶೌಚಾಲಯ ನೋಡಿಯೇ ತೀರ್ಮಾನಿಸಿ. ನೂರಾರು ಲೀಟರ್ ಡೀಸೆಲ್ ಹಾಕಿಸುವ ಗಿರಾಕಿ ಕೀಲಿ ಕೇಳಿದರೆ ಯಾವ ಬಂಕ್‌ನವರೂ ಇಲ್ಲ ಎನ್ನುವುದಿಲ್ಲ.

ಮುಟ್ಟಿನ ದಿನಗಳಿಗೆ ಬೇಕಾದುದನ್ನು, ಎರಡು ಜೊತೆ ಹೆಚ್ಚಿನ ಬಟ್ಟೆಯನ್ನು, ಮುಚ್ಚಳವಿರುವ ಬಕೆಟ್ಟನ್ನು, ಕ್ಯಾನಿನಲ್ಲಿ ಇಪ್ಪತ್ತು ಲೀಟರ್ ನೀರನ್ನು ಸೀಟಿನ ಹಿಂದೆ ಇಟ್ಟುಕೊಳ್ಳಿ. ನಿಮ್ಮ ವಯಸ್ಸಿನಲ್ಲಿ ಮುಟ್ಟು ಏರುಪೇರಾಗುವುದು, ಮೈ ಬಿಸಿಯಾಗಿ ಬೆವರುವುದು, ರಾತ್ರಿ ನಿದ್ದೆ ಹರಿಯುವುದು ಶುರುವಾಗಬಹುದು. ಇದನ್ನು ಯಾರೂ ಲಾರಿಯ ಜೊತೆ ಸೇರಿಸಿ ಮಾತನಾಡುವುದಿಲ್ಲ, ಆದರೆ ನಿದ್ದೆ ಹರಿದವರು ಮರುದಿನ 400 ಕಿ.ಮೀ. ಓಡಿಸಬಾರದು. ಹೆವಿ ಲೈಸೆನ್ಸ್‌ನ ಪ್ರಮಾಣಪತ್ರಕ್ಕೆ ವೈದ್ಯರ ಬಳಿ ಹೋದಾಗ ಸಹಿ ಮಾಡಿಸಿಕೊಂಡು ಬಂದುಬಿಡಬೇಡಿ. ಬಿಪಿ, ಸಕ್ಕರೆ, ಹಿಮೋಗ್ಲೋಬಿನ್, ಕಣ್ಣು ಎಲ್ಲವನ್ನೂ ಸರಿಯಾಗಿ ಪರೀಕ್ಷೆ ಮಾಡಿಸಿ. ರಾತ್ರಿ ಎದುರಿನ ದೀಪಕ್ಕೆ ಕಣ್ಣು ಕುಕ್ಕಿದರೆ ಅದನ್ನೂ ಹೇಳಿ. ಗಾರ್ಮೆಂಟ್ಸ್‌ನಲ್ಲಿ ಬಂದ ಬೆನ್ನುನೋವಿನ ಬಗ್ಗೆ ಮೂಳೆ ವೈದ್ಯರನ್ನು ಕಾಣದೆ ಮುಂದುವರಿಯಬೇಡಿ. ಹೊಲಿಗೆ ಯಂತ್ರದ ಮುಂದೆ ಕುಳಿತದ್ದಕ್ಕೂ ಇಲ್ಲಿ ಕೂರುವುದಕ್ಕೂ ಬೆನ್ನಿನ ಮಟ್ಟಿಗೆ ಬಹಳ ವ್ಯತ್ಯಾಸವಿಲ್ಲ. ಎರಡು ಗಂಟೆಗೊಮ್ಮೆ ಇಳಿದು ಗಾಡಿಯ ಸುತ್ತ ನಡೆದರೆ ಟೈರನ್ನೂ ನೋಡಿದಂತಾಗುತ್ತದೆ, ಕಾಲಿಗೂ ರಕ್ತ ಓಡಾಡುತ್ತದೆ. ತೋಳಿನ ಬಲದ ಚಿಂತೆ ಬಿಡಿ, ಈಗಿನ ಲಾರಿಗಳೆಲ್ಲ ಪವರ್ ಸ್ಟಿಯರಿಂಗಿನವು. 2025ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಸರಕು ವಾಹನಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯವಾಗಿದೆ. ಹೊಸ ಗಾಡಿ ಇರುವ ಮಾಲೀಕರನ್ನು ಹುಡುಕಲು ಇದೂ ಒಂದು ಕಾರಣ. ಬಲ ಬೇಕಾಗುವುದು ಸ್ಟೆಪ್ನಿ ಇಳಿಸಿ ಚಕ್ರ ಬದಲಿಸಲು. ಆ ಕೆಲಸಕ್ಕೆ ಪಂಕ್ಚರ್ ಅಂಗಡಿಯವರನ್ನು ಕರೆಸಿ, ದುಡ್ಡು ಕೊಡಿ. ಗಂಡಸರೂ ಹಾಗೆಯೇ ಮಾಡುತ್ತಾರೆ.

ರಾತ್ರಿ ನಿಲ್ಲಿಸುವುದು ದೊಡ್ಡ ಬಂಕ್, ಟೋಲ್ ಪ್ಲಾಜಾದ ಲಾರಿ ನಿಲ್ದಾಣ, ಇಲ್ಲವೇ ಕಂಪನಿಯ ಯಾರ್ಡ್ ಒಳಗೆ ಮಾತ್ರ. ರಸ್ತೆ ಬದಿಯ ಕತ್ತಲಲ್ಲಿ ನಿಲ್ಲಿಸಬೇಡಿ. ಅಲ್ಲಿ ಡೀಸೆಲ್ ಕಳ್ಳರೂ ಇದ್ದಾರೆ, ಹಿಂದಿನಿಂದ ಬಂದು ಗುದ್ದುವ ಗಾಡಿಗಳೂ ಇವೆ. ಮಲಗುವಾಗ ಎರಡೂ ಬಾಗಿಲು ಲಾಕ್ ಮಾಡಿ, ಪರದೆ ಎಳೆದು, ಗಾಡಿಯ ಮೂತಿ ಹೊರಡುವ ದಿಕ್ಕಿಗೇ ಇರುವಂತೆ ನಿಲ್ಲಿಸಿ. ಪೊಲೀಸ್ ಸಹಾಯಕ್ಕೆ 112, ರಾಷ್ಟ್ರೀಯ ಹೆದ್ದಾರಿಯಲ್ಲಿ ಗಾಡಿ ಕೆಟ್ಟರೆ ಅಥವಾ ಅಪಘಾತವಾದರೆ 1033, ಆಂಬುಲೆನ್ಸ್‌ಗೆ 108. ಸಹ ಚಾಲಕರಿಂದಲೋ ಮಾಲೀಕರ ಕಡೆಯವರಿಂದಲೋ ಕಿರುಕುಳವಾದರೆ ಸುಮ್ಮನಿರಬೇಡಿ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ಕೆಲಸದ ಸಲುವಾಗಿ ಹೋಗುವ ಜಾಗ, ಅದಕ್ಕೆ ಮಾಲೀಕರು ಕೊಟ್ಟ ವಾಹನ ಎಲ್ಲವೂ ಕೆಲಸದ ಸ್ಥಳವೇ. ಹತ್ತು ಜನಕ್ಕಿಂತ ಕಡಿಮೆ ಇರುವ ಸಣ್ಣ ಟ್ರಾನ್ಸ್‌ಪೋರ್ಟ್ ಆದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ನೇರವಾಗಿ ದೂರು ಕೊಡಬಹುದು. ಅಪಘಾತ ಯಾರದೇ ತಪ್ಪಿನಿಂದಾಗಲಿ, ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿ ಪೊಲೀಸರಿಗೆ ತಿಳಿಸುವುದು ಚಾಲಕರ ಕರ್ತವ್ಯ. ಜನ ಮುತ್ತಿಗೆ ಹಾಕುವ ಭಯವಿದ್ದರೆ ಹತ್ತಿರದ ಠಾಣೆಗೆ ಹೋಗಿ ಹೇಳಿ. ಗಾಡಿ ಬಿಟ್ಟು ಊರಿಗೆ ಓಡಿಹೋಗಬೇಡಿ.

ಒಡವೆಯ ವಿಷಯಕ್ಕೆ ಬರುತ್ತೇನೆ. ಹಳೆಯ ಲಾರಿ ಅಗ್ಗಕ್ಕೆ ಸಿಗುತ್ತದೆ, ನಿಜ. ಆದರೆ ಟೈರು, ವಿಮೆ, ತೆರಿಗೆ, ಎಫ್‌ಸಿ, ಪರ್ಮಿಟ್, ಬ್ರೇಕ್ ಲೈನರ್, ಕ್ಲಚ್ ಯಾವುದೂ ಹಳೆಯ ಗಾಡಿಗೆಂದು ಅಗ್ಗವಾಗುವುದಿಲ್ಲ. ಬಿಎಸ್ 6 (ಹೊಗೆ ಮಿತಿಯ ಹೊಸ ನಿಯಮದ) ಗಾಡಿಯಾದರೆ ಹೊಗೆ ಶುದ್ಧ ಮಾಡುವ ಯೂರಿಯಾ ದ್ರಾವಣವೂ ಬೇಕು, ಸೆನ್ಸರ್ ಕೆಟ್ಟರೆ ಹಳ್ಳಿಯ ಮೆಕ್ಯಾನಿಕ್ ಕೈಯಲ್ಲಿ ಆಗುವುದಿಲ್ಲ. ಹೋಗುವಾಗ ಲೋಡು ಸಿಗುತ್ತದೆ. ಬರುವಾಗ ಸಿಗದೆ ಖಾಲಿ ಬಂದ ಟ್ರಿಪ್ ಹೋಗುವಾಗಿನ ಲಾಭವನ್ನು ನುಂಗುತ್ತದೆ. ಬರುವ ಲೋಡು ಕೊಡುವ ಬ್ರೋಕರ್‌ಗಳ ಪರಿಚಯ ವರ್ಷಗಳ ಓಡಾಟದಿಂದ ಬರುವಂಥದ್ದು. ಬಾಡಿಗೆ ಹಣ ಕೈಗೆ ಬರಲು ತಿಂಗಳುಗಳೇ ಹಿಡಿಯುವುದುಂಟು, ಡೀಸೆಲ್‌ಗೆ ಮಾತ್ರ ಇವತ್ತೇ ದುಡ್ಡು ಬೇಕು. ಮಗಳ ಓದು ಮುಗಿಯದ ಮನೆಯಲ್ಲಿ ಆ ಒಡವೆಯೇ ನಿಮ್ಮ ಧೈರ್ಯ. ಬೇರೆಯವರ ಲಾರಿಯಲ್ಲಿ, ಬೇರೆಯವರ ದುಡ್ಡಿನಲ್ಲಿ ಈ ಲೆಕ್ಕವನ್ನೆಲ್ಲ ಕಲಿಯಿರಿ. ಕೆಲವು ವರ್ಷಗಳ ನಂತರವೂ ಕೊಳ್ಳುವ ಮನಸ್ಸಿದ್ದರೆ ಬಾಡಿಗೆ ಕೊಡುವವರ ಜೊತೆ ವರ್ಷದ ಕರಾರು ಕೈಯಲ್ಲಿ ಹಿಡಿದುಕೊಂಡು ಬ್ಯಾಂಕಿಗೆ ಹೋಗಿ.

ಇನ್ನೊಂದು ದಾರಿಯೂ ನಿಮ್ಮ ಮುಂದಿದೆ. ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ ತೈಲ ಕೊಳವೆಮಾರ್ಗಕ್ಕೆ ಹಾಸನದಲ್ಲಿ ಟರ್ಮಿನಲ್ ಇದೆ, ಅಲ್ಲಿಂದ ಸುತ್ತಲಿನ ಜಿಲ್ಲೆಗಳಿಗೆ ಟ್ಯಾಂಕರ್‌ಗಳು ಹೋಗುತ್ತವೆ. ಅಪಾಯಕಾರಿ ಸರಕು ಸಾಗಿಸಲು ಪ್ರತ್ಯೇಕ ತರಬೇತಿ ಪಡೆದು ಲೈಸೆನ್ಸ್‌ನಲ್ಲಿ ನಮೂದಿಸಿಕೊಳ್ಳಬೇಕು. ಮೂರು ದಿನಗಳ ತರಗತಿ ಅದು. ಎರಡು ವರ್ಷದ ಅನುಭವದ ನಂತರ ಅದನ್ನು ಯೋಚಿಸಿ. ದಾರಿ ನಿಗದಿಯಾಗಿರುತ್ತದೆ, ಓವರ್‌ಲೋಡಿನ ಪ್ರಶ್ನೆ ಬರುವುದಿಲ್ಲ, ಮೂಟೆ ಹೊರುವವರಿಗಾಗಿ ಕಾಯಬೇಕಾಗಿಲ್ಲ. ಮನೆಯಲ್ಲಿ ವಯಸ್ಸಾದ ಅತ್ತೆ ಇರುವ ನಿಮಗೆ ಜಲಂಧರ್‌ಗಿಂತ ಇದೇ ಹೊಂದಬಹುದು ಎಂದು ನನಗನ್ನಿಸುತ್ತದೆ. ಆದರೆ ನೋಡದ ಊರುಗಳನ್ನು ನೋಡುವ ಆಸೆಯೂ ನಿಮ್ಮ ಪತ್ರದಲ್ಲಿದೆ, ಅದನ್ನು ನಾನು ಚಿಕ್ಕದೆಂದು ಹೇಳುವುದಿಲ್ಲ. ತೀರ್ಮಾನ ನಿಮ್ಮದು.

ಮಗಳ ಪ್ರಶ್ನೆಗೆ ಉತ್ತರವನ್ನು ಹೊರಡುವ ಮುನ್ನವೇ ಕಾಗದದ ಮೇಲೆ ಬರೆದುಕೊಡಿ: ಗಾಡಿಯ ನಂಬರು, ಮಾಲೀಕರ ಮತ್ತು ಟ್ರಾನ್ಸ್‌ಪೋರ್ಟ್ ಆಫೀಸಿನ ಫೋನು, ಲೋಡು ಇಳಿಸುವ ವಿಳಾಸ, ಎರಡನೇ ಚಾಲಕರ ಹೆಸರು. ಮೊಬೈಲಿನಲ್ಲಿ ಲೊಕೇಶನ್ ಹಂಚಿಕೊಳ್ಳಿ. ಬೆಳಗ್ಗೆ ಹೊರಡುವಾಗ ಒಂದು ಕರೆ, ರಾತ್ರಿ ನಿಲ್ಲಿಸಿದ ಮೇಲೆ ಒಂದು ಕರೆ ಮಾಡಿ. ಓಡಿಸುವಾಗ ಅವಳ ಕರೆಯನ್ನೂ ತೆಗೆಯಬೇಡಿ, ಇದನ್ನು ಅವಳಿಗೆ ಮೊದಲೇ ಹೇಳಿಡಿ. ಘಾಟಿಯಲ್ಲಿ ಸಿಗ್ನಲ್ ಸಿಗದ ಕಡೆ ಹೆಚ್ಚು. ಆದ್ದರಿಂದ ಸಕಲೇಶಪುರ ದಾಟುವಾಗ ‘ಇಳಿಯುತ್ತಿದ್ದೇನೆ’ ಎಂದು ಸಂದೇಶ ಕಳಿಸಿ, ಇಷ್ಟು ಗಂಟೆಯೊಳಗೆ ನೆಲ್ಯಾಡಿಯಿಂದ ಸಂದೇಶ ಬರದಿದ್ದರೆ ಮೊದಲು ಮಾಲೀಕರಿಗೆ, ಆಮೇಲೆ 112ಕ್ಕೆ ಫೋನ್ ಮಾಡು ಎಂದು ಅವಳಿಗೆ ಗೊತ್ತುಮಾಡಿಕೊಡಿ. ಬಿ.ಕಾಂ. ಓದುವ ಹುಡುಗಿ, ನಿಮ್ಮ ಬಾಟಾ, ಡೀಸೆಲ್, ಟೋಲ್ ಲೆಕ್ಕವನ್ನೂ ಅವಳೇ ಬರೆದಿಡಲಿ. ಮೂರು ತಿಂಗಳ ಲೆಕ್ಕ ಕೈಗೆ ಬಂದ ಮೇಲೆ ಆ ಮಾಲೀಕರ ಬಳಿ ಉಳಿಯಬೇಕೇ ಬೇಡವೇ ಎಂಬುದನ್ನು ಇಬ್ಬರೂ ಕುಳಿತು ನಿರ್ಧರಿಸಿ.